ಕೇಳದೆ ತೆಗೆದ ಮುಖಗಳು



ಕೆಲವು ವರ್ಷಗಳ ಹಿಂದೆ ಬೇಸಿಗೆಯ ಎರಡು ತಿಂಗಳು ನ್ಯೂಯಾರ್ಕ್ ನಗರದ ಒಂದು ಧರ್ಮಕೇಂದ್ರದಲ್ಲಿ ಸೇವೆ ಸಲ್ಲಿಸುವ ಅವಕಾಶ ನನಗೆ ದೊರೆತಿತ್ತು. ಅಲ್ಲಿನ ವಿಚಾರಣಾ ಗುರುಗಳು ರಜೆಯ ಮೇಲೆ ಹೋಗಿದ್ದರು. ಬೆಳಗಿನ ಬಲಿಪೂಜೆ, ಮಧ್ಯಾಹ್ನ ರೋಗಿಗಳ ಭೇಟಿ ಮುಗಿದರೆ ಉಳಿದ ಹೊತ್ತು ನನ್ನದೇ. ಹಾಗೆ ತಿರುಗಾಡುತ್ತಿದ್ದಾಗ ಒಂದು ದಿನ ಹಳೆಯ ಪುಸ್ತಕಗಳ ಅಂಗಡಿಯೊಂದನ್ನು ಹೊಕ್ಕೆ. ಒಳಗೆ ಬೀಗ ಹಾಕಿದ ಗಾಜಿನ ಬೀರು. ಅದರಲ್ಲಿ ಸಾಧಾರಣ ಗಾತ್ರದ ಒಂದು ಪುಸ್ತಕ; ಹೆಸರು 'ಮೆನಿ ಆರ್ ಕಾಲ್ಡ್', ಎಂದರೆ 'ಕರೆ ಪಡೆದವರು ಅನೇಕರು'. ಸಂತ ಮತ್ತಾಯನ ಶುಭಸಂದೇಶದ 22ನೆಯ ಅಧ್ಯಾಯದ ಮಾತು! ದೈವಕರೆಯನ್ನು ಕುರಿತ ಗ್ರಂಥವಿರಬೇಕು, ನಮ್ಮ ಗುರುಮಠದ ಹುಡುಗರಿಗೆ ಉಪಯೋಗವಾದೀತು ಎಂದುಕೊಂಡು ಅಂಗಡಿಯವರನ್ನು ಕೇಳಿದೆ.

ಅವರು ನನ್ನ ಕೈಗಳನ್ನು ಒಮ್ಮೆ ನೋಡಿ, ಒರೆಸಿಕೊಳ್ಳಲು ಬಟ್ಟೆ ಕೊಟ್ಟು, ಆಮೇಲೆ ಬೀಗ ತೆಗೆದರು. ಬೆಲೆ ಕೇಳಿ ದಂಗಾದೆ. ಅದು 1966ರ ಮೊದಲ ಮುದ್ರಣವಂತೆ. ಸಂಗ್ರಹಕಾರರು ಹುಡುಕಿಕೊಂಡು ಬಂದು ಕೊಳ್ಳುವ ಪುಸ್ತಕವಂತೆ. ಪುಟ ತಿರುಗಿಸಿದರೆ ದೈವಕರೆಯ ಮಾತೇ ಇಲ್ಲ. ಪುಟಪುಟಕ್ಕೂ ಒಂದೊಂದು ಕಪ್ಪು ಬಿಳುಪು ಭಾವಚಿತ್ರ. ಟೋಪಿ ಧರಿಸಿದ ಗಂಡಸರು, ಮೃದುರೋಮದ ಕೊರಳುಪಟ್ಟಿಯ ಹೆಂಗಸರು, ಪತ್ರಿಕೆ ಹಿಡಿದವರು, ಎತ್ತಲೋ ನೋಡುತ್ತಿರುವವರು. ಯಾರ ಹೆಸರೂ ಇಲ್ಲ. ತಮ್ಮ ಚಿತ್ರ ತೆಗೆಯಲಾಗುತ್ತಿದೆ ಎಂಬುದು ಅವರಿಗೆ ತಿಳಿದಿರಲಿಲ್ಲ. ಆ ಪುಸ್ತಕವನ್ನು ಹಿಡಿದಿದ್ದ ನನ್ನ ಕೈ ಸ್ವಲ್ಪ ನಡುಗಿತು. ಅದಕ್ಕೆ ಬೆಲೆಯೊಂದೇ ಕಾರಣವಾಗಿರಲಿಲ್ಲ. ಆ ಕಾರಣವನ್ನು ಮುಂದೆ ಹೇಳುತ್ತೇನೆ.

ಈ ಚಿತ್ರಗಳನ್ನು ತೆಗೆದವನು ವಾಕರ್ ಇವಾನ್ಸ್. 1903ರಲ್ಲಿ ಹುಟ್ಟಿ 1975ರಲ್ಲಿ ತೀರಿಕೊಂಡ, ಅಮೆರಿಕದ ಅತ್ಯಂತ ಗೌರವಾನ್ವಿತ ಛಾಯಾಗ್ರಾಹಕರಲ್ಲಿ ಒಬ್ಬ. 1938ರಿಂದ 1941ರವರೆಗೆ ಅವನು ನ್ಯೂಯಾರ್ಕಿನ ನೆಲದಡಿಯ ರೈಲುಗಳಲ್ಲಿ ಈ ಕೆಲಸ ಮಾಡಿದ. ಆರ್ಥಿಕ ಮುಗ್ಗಟ್ಟಿನ ಬಿಸಿ ಇನ್ನೂ ಆರಿರಲಿಲ್ಲ, ಯುರೋಪಿನಲ್ಲಿ ಮಹಾಯುದ್ಧ ಹೊತ್ತಿಕೊಂಡಿತ್ತು. ಐದು ಸೆಂಟುಗಳ ನಾಣ್ಯವೊಂದನ್ನು ಕೊಟ್ಟರೆ ಬಡವನೂ ಬಲ್ಲಿದನೂ ಒಂದೇ ಬೋಗಿಯಲ್ಲಿ ಎದುರುಬದುರು ಕುಳಿತು ಸಾಗುವ ಕಾಲ ಅದು. ಇವಾನ್ಸ್ ತನ್ನ ಚಿಕ್ಕ ಕಾಂಟ್ಯಾಕ್ಸ್ ಕ್ಯಾಮರಾದ ಹೊಳೆಯುವ ಭಾಗಗಳಿಗೆ ಕಪ್ಪು ಬಣ್ಣ ಬಳಿದ. ಅದನ್ನು ಕೋಟಿನೊಳಗೆ ಎದೆಗೆ ಕಟ್ಟಿಕೊಂಡ. ಗುಂಡಿಗಳ ನಡುವಿನ ಸಂದಿಯಿಂದ ಮಸೂರ ಮಾತ್ರ ಇಣುಕುತ್ತಿತ್ತು. ಅದನ್ನು ಒತ್ತುವ ತಂತಿ ತೋಳಿನೊಳಗಿಂದ ಇಳಿದು ಅಂಗೈಗೆ ಬಂದಿತ್ತು. ಕೆಲವೊಮ್ಮೆ ಹೆಲೆನ್ ಲೆವಿಟ್ ಎಂಬ ಯುವತಿ ಜೊತೆಗಿರುತ್ತಿದ್ದಳು. ಮುಂದೆ ಅವಳೂ ದೊಡ್ಡ ಛಾಯಾಗ್ರಾಹಕಿಯಾದಳು. ಇಬ್ಬರು ಜೊತೆಯಾಗಿ ಕುಳಿತಿದ್ದರೆ ಎದುರಿನವರಿಗೆ ಅನುಮಾನ ಬರುವುದಿಲ್ಲವಷ್ಟೆ.

ಹೀಗೆ ತೆಗೆದ ಚಿತ್ರಗಳು ಆರುನೂರಕ್ಕೂ ಹೆಚ್ಚು. ಪುಸ್ತಕಕ್ಕೆ ಬಂದವು 89. ಕರೆ ಪಡೆದವರು ಅನೇಕರು, ಆಯ್ಕೆಯಾದವರು ಕೆಲವರು ಎಂಬ ಮಾತು ಇಲ್ಲಿಯೂ ನಿಜವಾಯಿತು. ಆದರೆ ಇವಾನ್ಸ್ ತನ್ನ ಪುಸ್ತಕಕ್ಕೆ ಆ ಮಾತಿನ ಮೊದಲರ್ಧವನ್ನು ಮಾತ್ರ ಇಟ್ಟ. ತೀರ್ಪಿನ ಉತ್ತರಾರ್ಧವನ್ನು ಬಿಟ್ಟ. ಆ ಸಾಮತಿಯನ್ನು ನೆನಪಿಸಿಕೊಳ್ಳಿ. ಅರಸನು ಮಗನ ಮದುವೆಯ ಔತಣಕ್ಕೆ ಕರೆದವರು ಬರಲಿಲ್ಲ. ಆಗ ಆಳುಗಳು ಹಾದಿಬೀದಿಗಳಿಗೆ ಹೋಗಿ ಕಣ್ಣಿಗೆ ಬಿದ್ದವರನ್ನೆಲ್ಲ, ಕೆಟ್ಟವರು ಒಳ್ಳೆಯವರೆನ್ನದೆ, ಕರೆತಂದರು. ಬೀದಿಯ ಛಾಯಾಚಿತ್ರಗಳ ಪುಸ್ತಕಕ್ಕೆ ಇದಕ್ಕಿಂತ ತಕ್ಕ ಹೆಸರು ಸಿಕ್ಕುವುದು ಕಷ್ಟ. ಅದೇ ಸಾಮತಿಯಲ್ಲಿ ಮದುವೆಯ ಉಡುಪಿಲ್ಲದೆ ಬಂದ ಒಬ್ಬನಿದ್ದಾನೆ. ಚಿತ್ರ ತೆಗೆಸಿಕೊಳ್ಳಲು ಹೊರಟಾಗ ನಾವೆಲ್ಲರೂ ಒಂದು ಉಡುಪು ಧರಿಸುತ್ತೇವೆ. ಬಟ್ಟೆ ಮಾತ್ರವಲ್ಲ, ಮುಖವನ್ನೂ ಧರಿಸುತ್ತೇವೆ. ನಮ್ಮ ಮನೆಯ ಗೋಡೆಯ ಮೇಲಿರುವ ಮದುವೆಯ ಚಿತ್ರಗಳನ್ನು ನೋಡಿದರೆ ಸಾಕು. ಇವಾನ್ಸನ ಮುಂದೆ ಕುಳಿತಿದ್ದವರಲ್ಲಿ ಯಾರಿಗೂ ಮದುವೆಯ ಉಡುಪಿರಲಿಲ್ಲ.

ಈ ಪುಸ್ತಕದಿಂದ ನಾವು ಪಡೆಯುವ ಲಾಭವನ್ನು ಮೊದಲು ಪ್ರಾಮಾಣಿಕವಾಗಿ ಒಪ್ಪಿಕೊಳ್ಳೋಣ. ರೈಲಿನಲ್ಲಿ ಕುಳಿತ ಮನುಷ್ಯ ಮನೆಯಲ್ಲೂ ಇಲ್ಲ, ಕೆಲಸದಲ್ಲೂ ಇಲ್ಲ. ಆ ಹೊತ್ತಿಗೆ ಅವನು ಯಾರ ತಂದೆಯೂ ಅಲ್ಲ, ಯಾರ ಆಳೂ ಅಲ್ಲ, ಯಾರ ಯಜಮಾನನೂ ಅಲ್ಲ. ಹೊತ್ತ ಮುಖವನ್ನು ಸ್ವಲ್ಪ ಕೆಳಗಿಳಿಸಿ ವಿಶ್ರಮಿಸುತ್ತಾನೆ. ಆಗ ಅವನ ಮುಖದ ಮೇಲೆ ಅವನ ಬದುಕೆಲ್ಲ ಕಾಣುತ್ತದೆ. ಪುಸ್ತಕಕ್ಕೆ ಮುನ್ನುಡಿ ಬರೆದವನು ಇವಾನ್ಸನ ಗೆಳೆಯ, ಲೇಖಕ ಜೇಮ್ಸ್ ಏಜಿ. ಬಾಲ್ಯದಲ್ಲಿ ಆಂಗ್ಲಿಕನ್ ಸಂನ್ಯಾಸಿಗಳ ಶಾಲೆಯಲ್ಲಿ ಕಲಿತವನು. 1940ರಲ್ಲಿಯೇ ಮುನ್ನುಡಿ ಬರೆದಿಟ್ಟ, 1955ರಲ್ಲಿ ತೀರಿಕೊಂಡ, ಪುಸ್ತಕವನ್ನು ಅವನು ಕಣ್ಣಾರೆ ಕಾಣಲೇ ಇಲ್ಲ. ಈ ಪ್ರಯಾಣಿಕರಲ್ಲಿ ಒಬ್ಬೊಬ್ಬರೂ ಹಿಂದೆ ಇರಲಿಲ್ಲದ, ಮುಂದೆ ಇರಲಾರದ ವ್ಯಕ್ತಿ ಎಂಬುದು ಅವನ ಬರಹದ ಸಾರ. ದೇವರ ಪ್ರತಿರೂಪವೆಂದು ನಾವು ಪ್ರವಚನಪೀಠದಿಂದ ಹೇಳುವ ಮಾತಿಗೆ ಇದು ದೂರದ್ದೇನಲ್ಲ. ಜನಜಂಗುಳಿಯನ್ನು ಜಂಗುಳಿಯೆಂದು ಕಾಣುವ ಕಣ್ಣಿಗೆ ಈ ಪುಸ್ತಕ ಒಂದು ಮದ್ದು.

ಇನ್ನು ನನ್ನ ಕೈ ನಡುಗಿದ ಕಾರಣ.

ಆ ಪ್ರಯಾಣಕ್ಕೆ ಒಂದು ವರ್ಷ ಮುಂಚೆ ನಾನಿದ್ದ ಧರ್ಮಕೇಂದ್ರದಲ್ಲಿ ದೇವಾಲಯದ ವಾರ್ಷಿಕೋತ್ಸವದ ಸ್ಮರಣ ಸಂಚಿಕೆ ಸಿದ್ಧವಾಗುತ್ತಿತ್ತು. ತಪಸ್ಸುಕಾಲದ ಒಂದು ಮಧ್ಯಾಹ್ನ ಸಕ್ರಿಸ್ತಿಯಲ್ಲಿ ಏನನ್ನೋ ಹುಡುಕುತ್ತಿದ್ದೆ. ಬಾಗಿಲ ಸಂದಿಯಿಂದ ನೋಡಿದರೆ ಬರಿದಾದ ದೇವಾಲಯದಲ್ಲಿ ಒಬ್ಬ ತಾಯಿ ವ್ಯಾಕುಲಮಾತೆಯ ಸ್ವರೂಪದ ಮುಂದೆ ನೆಲದ ಮೇಲೆ ಕುಳಿತಿದ್ದರು. ಅರವತ್ತು ದಾಟಿದ ವಯಸ್ಸು. ಸೆರಗು ಜಾರಿತ್ತು, ಕೆನ್ನೆಯ ಮೇಲೆ ಕಣ್ಣೀರು ಇಳಿಯುತ್ತಿತ್ತು. ಕಿಟಕಿಯ ಬೆಳಕು ಸರಿಯಾಗಿ ಅವರ ಮುಖದ ಮೇಲೆ ಬಿದ್ದಿತ್ತು. ಪ್ರಾರ್ಥನೆ ಎಂದರೆ ಇದು ಎನ್ನಿಸಿತು. ಬಾಗಿಲ ಮರೆಯಲ್ಲಿಯೇ ನಿಂತು ಮೊಬೈಲಿನಲ್ಲಿ ಒಂದು ಚಿತ್ರ ತೆಗೆದೆ. ಅದೇ ಸಂಚಿಕೆಯ ಮುಖಪುಟವಾಯಿತು. ಎಲ್ಲರೂ ಮೆಚ್ಚಿದರು. ಅಚ್ಚಿನ ಮನೆಯವರು ಕೂಡ, "ಸ್ವಾಮಿ, ಇದನ್ನು ತೆಗೆದವರು ಯಾರು?" ಎಂದು ಕೇಳಿದರು. ನನಗೆ ಒಳಗೊಳಗೆ ಹೆಮ್ಮೆ.

ಮೂರು ವಾರಗಳಾದ ಮೇಲೆ ಆ ತಾಯಿ ಗುರುನಿವಾಸಕ್ಕೆ ಬಂದರು. ಸೆರಗಿನಲ್ಲಿ ಸುತ್ತಿಕೊಂಡಿದ್ದ ಸಂಚಿಕೆಯನ್ನು ತೆಗೆದು ಮೇಜಿನ ಮೇಲಿಟ್ಟರು. "ಸ್ವಾಮಿ, ನಮ್ಮ ಸೊಸೆಯನ್ನ ಊರೋರೆಲ್ಲ ಕೇಳ್ತಾವ್ರೆ, ಅತ್ತೆಗೆ ಏನು ಮಾಡ್ದೆ, ಗುಡೀಲಿ ಕೂತ್ಕೊಂಡು ಅಂಗೆ ಅಳ್ತಾವಳಲ್ಲ ಅಂತ. ಅವಳು ಒಳ್ಳೇ ಹುಡುಗಿ ಸ್ವಾಮಿ. ನಾನು ಅತ್ತಿದ್ದು ಬೇರೆಗೆ. ಅದನ್ನ ಮನೇಲಿ ಯಾರ್ಗೂ ಹೇಳಿರ್ಲಿಲ್ಲ. ಈಗ ಮಗ ದಿನಾ ಕೇಳ್ತಾನೆ." ನಾನು ತಲೆ ತಗ್ಗಿಸಿದೆ. ನಿಮ್ಮನ್ನು ಕೇಳಬೇಕಿತ್ತಮ್ಮ, ತಪ್ಪಾಯಿತು ಎಂದೆ. ಅದಕ್ಕೆ ಅವರು ಸಿಟ್ಟಿಲ್ಲದೆ, ಬಹಳ ಸಹಜವಾಗಿ ಹೇಳಿದರು: "ಕೇಳಿದ್ರೆ ಬ್ಯಾಡ ಅಂತಿದ್ನಾ ಸ್ವಾಮಿ? ಕಣ್ಣೊರೆಸ್ಕೊಂಡು, ಸೆರಗು ಸರಿ ಮಾಡ್ಕೊಂಡು ಕೂರ್ತಿದ್ದೆ."

ಓದುಗರೇ, ಈ ಪ್ರಶ್ನೆಯ ಗಂಟು ಇಲ್ಲಿಯೇ ಇದೆ. ಕೇಳಿದ್ದರೆ ಆ ಚಿತ್ರ ಇರುತ್ತಿರಲಿಲ್ಲ. ಕಣ್ಣೊರೆಸಿಕೊಂಡು ಕುಳಿತ ತಾಯಿಯ ಚಿತ್ರ ಇರುತ್ತಿತ್ತು; ಅದು ಬೇರೊಂದು ಚಿತ್ರ. ಇವಾನ್ಸ್ ಕೋಟಿನ ಗುಂಡಿ ಬಿಚ್ಚಿ ಕ್ಯಾಮರಾ ತೋರಿಸಿ, "ತೆಗೆಯಲೇ?" ಎಂದು ಕೇಳಿದ್ದರೆ ಆ 89 ಮುಖಗಳಲ್ಲಿ ಒಂದಾದರೂ ಹಾಗೆ ಉಳಿಯುತ್ತಿತ್ತೇ? ಅಪ್ಪಣೆ ಕೇಳಿ ತೆಗೆಯಿರಿ ಎಂದು ಉಪದೇಶಿಸುವುದು ಸುಲಭ. ಆದರೆ ಇಲ್ಲಿ ಅಪ್ಪಣೆ ಕೇಳುವುದೇ ಆ ಸತ್ಯವನ್ನು ಅಳಿಸಿಬಿಡುತ್ತದೆ. ಹಾಗಾದರೆ ಒಬ್ಬ ಮನುಷ್ಯ ತಾನು ಕೊಡುತ್ತಿದ್ದೇನೆಂದು ಅರಿಯದೆ ಕೊಟ್ಟದ್ದನ್ನು ನಾವು ತೆಗೆದುಕೊಳ್ಳಬಹುದೇ?

ಕಾಯಿದೆ ಈ ಪ್ರಶ್ನೆಗೆ ಒಮ್ಮೆ ಉತ್ತರ ಕೊಟ್ಟಿದೆ, ಅದೂ ಅದೇ ನ್ಯೂಯಾರ್ಕಿನಲ್ಲಿ. ಫಿಲಿಪ್ ಲೋರ್ಕಾ ಡಿಕೋರ್ಸಿಯಾ ಎಂಬ ಛಾಯಾಗ್ರಾಹಕ ಟೈಮ್ಸ್ ಚೌಕದಲ್ಲಿ ದೀಪಗಳನ್ನು ಕಟ್ಟಿ, ತಾನು ದೂರದಲ್ಲಿ ನಿಂತು, ದಾರಿಹೋಕರ ಮುಖಗಳನ್ನು ಅವರಿಗೆ ತಿಳಿಯದಂತೆ ತೆಗೆದ. 2001ರಲ್ಲಿ ಅವುಗಳಲ್ಲಿ 17 ಚಿತ್ರಗಳು 'ಹೆಡ್ಸ್' ಎಂಬ ಹೆಸರಿನಲ್ಲಿ ಪ್ರದರ್ಶನ ಕಂಡವು, ಪುಸ್ತಕವೂ ಆದವು. ಒಂದೊಂದು ಪ್ರತಿ ಇಪ್ಪತ್ತು ಮೂವತ್ತು ಸಾವಿರ ಡಾಲರಿಗೆ ಮಾರಾಟವಾಯಿತು. ಅವುಗಳಲ್ಲಿ ಒಂದು ಮುಖ ಸಂಪ್ರದಾಯನಿಷ್ಠ ಯೆಹೂದಿ ವೃದ್ಧರೊಬ್ಬರದು. ಹತ್ತು ಆಜ್ಞೆಗಳಲ್ಲಿ ವಿಗ್ರಹವನ್ನು ಕುರಿತ ಆಜ್ಞೆಯನ್ನು ಅವರ ಸಮುದಾಯ ಅರ್ಥೈಸಿಕೊಂಡಂತೆ, ತಮ್ಮ ಮುಖವನ್ನು ಹೀಗೆ ಪ್ರದರ್ಶಿಸುವುದು ಅವರ ಧರ್ಮಕ್ಕೆ ವಿರುದ್ಧ. ಅವರು 2005ರಲ್ಲಿ ನ್ಯಾಯಾಲಯಕ್ಕೆ ಹೋದರು. 2006ರಲ್ಲಿ ನ್ಯಾಯಾಲಯ ಅವರ ದಾವೆಯನ್ನು ವಜಾ ಮಾಡಿತು: ಇದು ಕಲೆ, ಕಲೆಗೆ ಅಭಿವ್ಯಕ್ತಿ ಸ್ವಾತಂತ್ರ್ಯದ ರಕ್ಷಣೆಯಿದೆ ಎಂಬುದು ಅದರ ನಿಲುವು. 2007ರಲ್ಲಿ ಮೇಲಿನ ನ್ಯಾಯಾಲಯ ದಾವೆ ಹೂಡುವ ಗಡುವು ಮೀರಿತ್ತೆಂಬ ಕಾರಣಕ್ಕೆ ಆ ತೀರ್ಪನ್ನು ಎತ್ತಿಹಿಡಿಯಿತು.

ಆ ತೀರ್ಪಿನಲ್ಲಿ ಒಂದು ನ್ಯಾಯವಿದೆ. ಬೀದಿ ಎಲ್ಲರದು; ಬೀದಿಯನ್ನು ನೋಡಬಾರದೆಂದರೆ ಸಮಾಜ ತನ್ನನ್ನು ತಾನೇ ಕಾಣದಂತಾಗುತ್ತದೆ. ಬಡವನ ಹಸಿವನ್ನೂ ಬಲಶಾಲಿಯ ದೌರ್ಜನ್ಯವನ್ನೂ ಜಗತ್ತಿಗೆ ತೋರಿಸಿದ ಎಷ್ಟೋ ಚಿತ್ರಗಳು ಯಾರ ಅಪ್ಪಣೆಯನ್ನೂ ಕೇಳದೆ ತೆಗೆದವು. ಆದರೆ ಕಾಯಿದೆಯ ಕೆಲಸ ಎಲ್ಲಿ ಮುಗಿಯುತ್ತದೆಯೋ ಅಲ್ಲಿಂದ ಮನಸ್ಸಾಕ್ಷಿಯ ಕೆಲಸ ಶುರುವಾಗುತ್ತದೆ. ಗೆದ್ದವನ ಕೈಯಲ್ಲಿ ಹಕ್ಕು ಉಳಿಯಿತು. ಸೋತ ಮುದುಕರ ಮುಖ ಯಾರದೋ ಗೋಡೆಯ ಮೇಲೆ ಉಳಿಯಿತು.

ಗುರುಮಠದಲ್ಲಿ ನೀತಿಶಾಸ್ತ್ರ ಕಲಿಯುವಾಗ ನಮಗೆ ಒಂದು ವ್ಯತ್ಯಾಸವನ್ನು ಹೇಳಿಕೊಟ್ಟಿದ್ದರು. ಇಲ್ಲದ್ದನ್ನು ಹೇಳಿ ಒಬ್ಬರ ಹೆಸರು ಕೆಡಿಸುವುದು ಒಂದು ಪಾಪ. ಇದ್ದದ್ದನ್ನೇ, ತಕ್ಕ ಕಾರಣವಿಲ್ಲದೆ, ತಿಳಿಯಬೇಕಾಗಿಲ್ಲದವರಿಗೆ ತಿಳಿಸಿ ಒಬ್ಬರ ಹೆಸರು ಕೆಡಿಸುವುದು ಇನ್ನೊಂದು ಪಾಪ. ಅಂದರೆ 'ನಾನು ಹೇಳಿದ್ದು ಸತ್ಯ' ಎಂಬುದು ಎಲ್ಲ ವೇಳೆಯೂ ರಕ್ಷಣೆಯಾಗಲಾರದು. ಕ್ಯಾಮರಾ ಸುಳ್ಳು ಹೇಳುವುದಿಲ್ಲ ಎನ್ನುತ್ತೇವೆ. ಆ ತಾಯಿ ಅತ್ತದ್ದು ನಿಜ. ಆದರೆ ಆ ಕಣ್ಣೀರು ನನಗೆ ಒಪ್ಪಿಸಿದ್ದಲ್ಲ, ಮಾತೆಗೆ ಒಪ್ಪಿಸಿದ್ದು. ಪಾಪನಿವೇದನೆಯಲ್ಲಿ ಜನರು ನಮ್ಮ ಮುಂದೆ ಮುಖದ ಮೇಲಿನ ಮುಸುಕನ್ನು ತೆಗೆಯುತ್ತಾರೆ. ಅಲ್ಲಿ ಕೇಳಿದ್ದನ್ನು ಪ್ರಾಣ ಹೋದರೂ ನಾವು ಹೊರಗೆ ಹೇಳುವಂತಿಲ್ಲ. ಆ ಗೂಡಿನಿಂದ ಹತ್ತು ಹೆಜ್ಜೆ ದೂರದಲ್ಲಿ ನಿಂತು, ಅಷ್ಟೇ ಗುಟ್ಟಿನದೊಂದನ್ನು ನಾನು ಐನೂರು ಪ್ರತಿಗಳಲ್ಲಿ ಅಚ್ಚು ಹಾಕಿಸಿದ್ದೆ.

ಆದರೂ ಯೇಸುಸ್ವಾಮಿ ಕೂಡ ಜನರನ್ನು ಅವರಿಗೆ ತಿಳಿಯದಂತೆ ನೋಡಿದರಲ್ಲ ಎಂಬ ಯೋಚನೆ ನನ್ನನ್ನು ಬಹಳ ದಿನ ಕಾಡಿತು. ಸಂತ ಮಾರ್ಕನ ಶುಭಸಂದೇಶದ 12ನೆಯ ಅಧ್ಯಾಯದಲ್ಲಿ ಅವರು ಕಾಣಿಕೆಯ ಪೆಟ್ಟಿಗೆಯ ಎದುರಿಗೆ ಕುಳಿತು ಜನರು ಹಣ ಹಾಕುವುದನ್ನು ಗಮನಿಸುತ್ತಿದ್ದಾರೆ. ಬಡ ವಿಧವೆಯೊಬ್ಬಳು ಎರಡು ತಾಮ್ರದ ಕಾಸುಗಳನ್ನು ಹಾಕುತ್ತಾಳೆ. ಅವರು ಅವಳನ್ನು ಕರೆದು ಮಾತನಾಡಿಸಿದರೆಂದು ಬರೆದಿಲ್ಲ. ಅವಳ ಹೆಸರೂ ಬರೆದಿಲ್ಲ. ಶಿಷ್ಯರನ್ನು ಕರೆದು ಅವಳು ಮಾಡಿದ್ದನ್ನು ಹೇಳಿದರು. ಎರಡು ಸಾವಿರ ವರ್ಷಗಳಿಂದ ನಾವೂ ಅದನ್ನು ಓದುತ್ತಿದ್ದೇವೆ. ಇದು ಕೂಡ ಕೇಳದೆ ತೆಗೆದ ಚಿತ್ರವಲ್ಲವೇ? ಅಂಜೂರದ ಮರದ ಕೆಳಗಿದ್ದ ನತಾನಿಯೇಲನನ್ನೂ ಅವರು ಅವನಿಗೆ ತಿಳಿಯದೆಯೇ ನೋಡಿದ್ದರು.

ನನ್ನ ನೋಟಕ್ಕೂ ಆ ನೋಟಕ್ಕೂ ಏನು ಅಂತರ? ಒಂದು ಅಂತರ ಬೇಗ ಹೊಳೆಯಿತು: ವಿಧವೆಯ ಕಥೆ ಕೇಳಿದವನು ಅವಳ ಮುಂದೆ ಚಿಕ್ಕವನಾಗುತ್ತಾನೆ, ಅವಳು ದೊಡ್ಡವಳಾಗುತ್ತಾಳೆ. ಆದರೆ ನನ್ನ ಚಿತ್ರವನ್ನು ಮೆಚ್ಚಿದವರೂ ಆ ತಾಯಿಯ ಭಕ್ತಿಯನ್ನು ಹೊಗಳಿದವರೇ. ಹಾಗಾಗಿ ಆ ಉತ್ತರ ಸಾಲಲಿಲ್ಲ. ಇನ್ನೊಂದು ಅಂತರ ತಡವಾಗಿ ಕಂಡಿತು. ಪ್ರಭು ಪೆಟ್ಟಿಗೆಯ ಎದುರಿಗೆ, ಎಲ್ಲರಿಗೂ ಕಾಣುವಂತೆ ಕುಳಿತಿದ್ದರು. ನತಾನಿಯೇಲನಿಗೆ, ನಿನ್ನನ್ನು ನಾನು ನೋಡಿದೆ ಎಂದು ತಾವೇ ತಿಳಿಸಿದರು. ಅವನು ಪ್ರಶ್ನಿಸಲು ಎಡೆಯಿತ್ತು. ಆದಿಕಾಂಡದ 16ನೆಯ ಅಧ್ಯಾಯದಲ್ಲಿ ಒಡತಿಯ ಕಾಟ ತಾಳಲಾರದೆ ಮರಳುಗಾಡಿಗೆ ಓಡಿದ ಹಾಗಾರಳನ್ನು ದೇವದೂತನು ಹೆಸರು ಹಿಡಿದು ಕರೆದು, ಎಲ್ಲಿಂದ ಬಂದೆ, ಎಲ್ಲಿಗೆ ಹೋಗುವೆ ಎಂದು ವಿಚಾರಿಸುತ್ತಾನೆ. ಆಗ ಅವಳು, ತನ್ನನ್ನು ನೋಡುವ ದೇವರನ್ನು ತಾನೂ ನೋಡಿದೆನೆಂದು ಬೆರಗಾಗುತ್ತಾಳೆ. ಆ ನೋಟ ಎರಡೂ ಕಡೆಯದು. ಕಾಣಿಕೆ ಪೆಟ್ಟಿಗೆಯ ಮುಂದೆ ಕುಳಿತು ವಿಧವೆಯನ್ನು ನೋಡಿದವರು ಕೆಲವೇ ದಿನಗಳಲ್ಲಿ ತಾವೇ ಶಿಲುಬೆಯ ಮೇಲೆ, ಉಟ್ಟ ಬಟ್ಟೆಯನ್ನೂ ಕಳೆದುಕೊಂಡು, ಊರೆಲ್ಲ ನಿಂತು ನೋಡುವಂತೆ ತಮ್ಮನ್ನು ಒಪ್ಪಿಸಿಕೊಂಡರು.

ನಾನು ಬಾಗಿಲ ಮರೆಯಲ್ಲಿದ್ದೆ. ಇವಾನ್ಸ್ ಕೋಟಿನ ಮರೆಯಲ್ಲಿದ್ದ. ನೋಡಿದ್ದರಲ್ಲಿ ತಪ್ಪಿಲ್ಲದಿರಬಹುದು, ಮರೆಯಿಂದ ಹೊರಗೆ ಬರದೆ, ನೋಡಿದ್ದನ್ನು ಊರಿಗೆ ಹಂಚಿದ್ದರಲ್ಲಿ ತಪ್ಪಿತ್ತು.

ಇವಾನ್ಸನಿಗೂ ಇದು ಚುಚ್ಚುತ್ತಿತ್ತು. ಗೂಢಚಾರನಂತೆ ನಡೆದುಕೊಂಡೆ, ಅದಕ್ಕೆ ಪಶ್ಚಾತ್ತಾಪವಿದೆ ಎಂಬರ್ಥದ ಮಾತುಗಳನ್ನು ಈ ಚಿತ್ರಗಳ ಬಗ್ಗೆ ಅವನೇ ಬರೆದುಕೊಂಡಿದ್ದ. ಕೆಲವೇ ಕೆಲವು ಚಿತ್ರಗಳು ನಡುವೆ ಪತ್ರಿಕೆಗಳಲ್ಲಿ ಬಂದವು; ಪುಸ್ತಕ ಹೊರಬಂದದ್ದು ಕೊನೆಯ ಚಿತ್ರ ತೆಗೆದ ಇಪ್ಪತ್ತೈದು ವರ್ಷಗಳ ಮೇಲೆ. ಆ ಪ್ರಯಾಣಿಕರ ಖಾಸಗಿ ಬದುಕಿಗೆ ಧಕ್ಕೆಯಾಗದಿರಲಿ ಎಂಬ ಅಳುಕೂ ಈ ವಿಳಂಬಕ್ಕೆ ಕಾರಣವೆನ್ನುತ್ತಾರೆ. ಕಾಯುವುದು ಒಂದು ಬಗೆಯ ಗೌರವ, ಅದು ಸಣ್ಣದೇನಲ್ಲ. ನಾನು ಮೂರು ವಾರವೂ ಕಾಯಲಿಲ್ಲ. ಆದರೆ ಕಾದ ಮಾತ್ರಕ್ಕೆ ಲೆಕ್ಕ ಚುಕ್ತಾ ಆಗುವುದೇ? ಅಪ್ಪಣೆ ಪಡೆದರೂ ಲೆಕ್ಕ ಮುಗಿಯುವುದಿಲ್ಲ ಎಂಬುದಕ್ಕೆ ಇವಾನ್ಸನ ಜೀವನದಲ್ಲಿಯೇ ಇನ್ನೊಂದು ನಿದರ್ಶನವಿದೆ. 1936ರ ಬೇಸಿಗೆಯಲ್ಲಿ ಅವನೂ ಏಜಿಯೂ ಅಲಬಾಮದ ಮೂರು ಬಡ ಗೇಣಿದಾರರ ಕುಟುಂಬಗಳ ಜೊತೆ ಕೆಲವು ವಾರ ಕಳೆದರು. ಅವರ ಎದುರಿಗೆ ನಿಂತೇ ಚಿತ್ರ ತೆಗೆದ. ಆ ಪುಸ್ತಕ 1941ರಲ್ಲಿ ಬಂತು. ಅದರ ಹೆಸರನ್ನೂ ನಮ್ಮ ಬೈಬಲಿನ ಸಿರಾಖನ ಗ್ರಂಥದ 44ನೆಯ ಅಧ್ಯಾಯದಿಂದ ಎತ್ತಿಕೊಂಡಿದ್ದರು. ಹೆಸರುಗಳನ್ನು ಬದಲಿಸಿದ್ದರೂ, ತಮ್ಮ ಬಡತನ ಲೋಕದ ಕಣ್ಣಿಗೆ ಬಿದ್ದುದಕ್ಕೆ ಆ ಕುಟುಂಬಗಳ ಮಕ್ಕಳಲ್ಲಿ ಕೆಲವರು ಮುಂದೆ ನೊಂದುಕೊಂಡರು. ನೋಡಿದವನ ಹೊಣೆ ಚಿತ್ರ ತೆಗೆದಾಗ ಮುಗಿಯುವುದಿಲ್ಲ.

ಈಗ ಕ್ಯಾಮರಾವನ್ನು ಕೋಟಿನೊಳಗೆ ಅಡಗಿಸಬೇಕಾಗಿಲ್ಲ. ನಮ್ಮ ಪ್ರತಿ ಮನೆಯಲ್ಲೂ ಮೂರು ನಾಲ್ಕು ಮೊಬೈಲುಗಳಿವೆ. ಸಾವಿನ ಮನೆಯಲ್ಲಿ ಎದೆ ಬಡಿದುಕೊಂಡು ಅಳುವ ಮಗಳು, ಆಸ್ಪತ್ರೆಯ ಹಾಸಿಗೆಯಲ್ಲಿ ಬಾಯಿ ತೆರೆದು ಮಲಗಿದ ಅಜ್ಜ, ಹಬ್ಬದ ಊಟದಲ್ಲಿ ಎರಡನೆಯ ಬಾರಿ ಕೈಯೊಡ್ಡಿದ ಬಡವ, ಶಾಲೆಯಲ್ಲಿ ಹೆದರಿ ಅತ್ತ ಮಗು: ಎಲ್ಲವೂ ಒಂದೇ ನಿಮಿಷದಲ್ಲಿ ವಾಟ್ಸಾಪಿನಲ್ಲಿ ನೂರು ಮನೆಗಳನ್ನು ತಲುಪುತ್ತವೆ. ಇವಾನ್ಸನಿಗೆ ಇಪ್ಪತ್ತೈದು ವರ್ಷಗಳ ಅಳುಕಿತ್ತು. ನಮಗೆ ಇಪ್ಪತ್ತೈದು ಕ್ಷಣಗಳದೂ ಇಲ್ಲ. ಚಿತ್ರ ತೆಗೆಯಬೇಡಿ ಎಂದು ನಾನು ಹೇಳಲಾರೆ. ಹೇಳುವ ಯೋಗ್ಯತೆಯೂ ನನಗಿಲ್ಲ. ನಾನು ಕಲಿತ ಒಂದು ಪದ್ಧತಿಯನ್ನು ಮಾತ್ರ ನಿಮ್ಮ ಮುಂದಿಡುತ್ತೇನೆ. ಕೇಳದೆ ತೆಗೆದ ಚಿತ್ರವನ್ನು ಮೊದಲು ನೋಡಬೇಕಾದವರು ಅದರಲ್ಲಿರುವವರೇ. ತೆಗೆದವರು ತಾವೇ ಅವರ ಮುಂದೆ ಹೋಗಿ ನಿಂತು, "ಇದು ನೀವು, ಇದನ್ನು ತೆಗೆದವನು ನಾನು" ಎಂದು ತೋರಿಸಬೇಕು. ಇಟ್ಟುಕೊಳ್ಳುವುದೋ ಅಳಿಸುವುದೋ, ಆ ಮಾತು ಅವರದಾಗಲಿ. ಹಾಗೆ ತೋರಿಸುವ ಧೈರ್ಯ ಬಾರದಿದ್ದರೆ ಆ ಚಿತ್ರ ನಮ್ಮದಲ್ಲ. ಅದನ್ನು ತೋರಿಸುವಷ್ಟು ಹತ್ತಿರವಿಲ್ಲದ ಅಪರಿಚಿತರ ವಿಷಯದಲ್ಲಿ ಇನ್ನೂ ಹೆಚ್ಚಿನ ಭಯಭಕ್ತಿ ಬೇಕು.

ಇವಾನ್ಸನ ಈ ಸರಣಿಯಲ್ಲಿ ಒಂದು ಚಿತ್ರವಿದೆ. ಕುರುಡ ಸಂಗೀತಗಾರನೊಬ್ಬ ಅಕಾರ್ಡಿಯನ್ ನುಡಿಸುತ್ತ ಬೋಗಿಯ ನಡುವಿನಿಂದ ನಡೆದು ಬರುತ್ತಿದ್ದಾನೆ. ಎರಡೂ ಬದಿಗೆ ಪ್ರಯಾಣಿಕರು ಕುಳಿತಿದ್ದಾರೆ. ಅವರಿಗೆ ಛಾಯಾಗ್ರಾಹಕನನ್ನು ಎಂದಾದರೂ ಹಿಡಿಯುವ ಅವಕಾಶವಿತ್ತು. ಕುರುಡನಿಗೆ ಅದೂ ಇಲ್ಲ. ಆ ಚಿತ್ರವನ್ನು ನೆನೆದಾಗಲೆಲ್ಲ ನನಗೆ ಮೆಚ್ಚುಗೆಯೂ ಸಂಕಟವೂ ಒಟ್ಟಿಗೇ ಬರುತ್ತವೆ. ಎರಡರಲ್ಲಿ ಒಂದನ್ನು ಬಿಟ್ಟುಕೊಡಲು ನನಗೆ ಇನ್ನೂ ಸಾಧ್ಯವಾಗಿಲ್ಲ. 'ಮೆನಿ ಆರ್ ಕಾಲ್ಡ್' 2004ರಲ್ಲಿ ಯೇಲ್ ವಿಶ್ವವಿದ್ಯಾಲಯದ ಮುದ್ರಣಾಲಯದಿಂದ ಮೆಟ್ರೊಪಾಲಿಟನ್ ಕಲಾ ವಸ್ತುಸಂಗ್ರಹಾಲಯದ ಸಹಯೋಗದಲ್ಲಿ ಮರುಮುದ್ರಣವಾಗಿದೆ. ಗಾಜಿನ ಬೀರುವಿನ ಬೆಲೆ ತೆರದೆಯೂ ನೋಡಬಹುದು. ನೋಡುವ ಅವಕಾಶ ಸಿಕ್ಕರೆ ನಿಧಾನವಾಗಿ ನೋಡಿ. ಪುಟ ತಿರುಗಿಸುವ ಮುಂಚೆ ಆ ಮುಖಕ್ಕಾಗಿ ಒಂದು ಚಿಕ್ಕ ಪ್ರಾರ್ಥನೆ ಹೇಳಿ. ಅವರಿಂದ ಕೇಳದೆ ಪಡೆದದ್ದಕ್ಕೆ ನಾವು ಕೊಡಬಹುದಾದದ್ದು ಅಷ್ಟೇ.

ಆ ತಾಯಿಯ ವಿಷಯಕ್ಕೆ ಬರುತ್ತೇನೆ. ಅಂದು ನಾನು ಕಪಾಟಿನಲ್ಲಿ ಉಳಿದಿದ್ದ ಸಂಚಿಕೆಗಳನ್ನು ತಂದು ಅವರೆದುರಿಗೇ ಒಂದೊಂದಾಗಿ ಮುಖಪುಟ ಬಿಡಿಸಿ ತೆಗೆದೆ. ಊರ ಮನೆಗಳಿಗೆ ಹೋಗಿದ್ದವುಗಳನ್ನು ಹಿಂದಕ್ಕೆ ತರಲಾಗಲಿಲ್ಲ. ಮುಂದಿನ ಭಾನುವಾರ ಬಲಿಪೂಜೆಯ ಕೊನೆಯಲ್ಲಿ, ಆ ಚಿತ್ರವನ್ನು ಕೇಳದೆ ತೆಗೆದದ್ದು ನಾನು, ಅದರಿಂದ ಏನನ್ನೂ ಊಹಿಸಬೇಡಿ ಎಂದು ಎಲ್ಲರೆದುರು ಹೇಳಿ ಕ್ಷಮೆ ಕೇಳಿದೆ. ಅದಕ್ಕೆ ಮುಂಚೆ, ಅಂದೇ, ಮೊಬೈಲಿನಲ್ಲಿದ್ದ ಮೂಲ ಚಿತ್ರವನ್ನು ಅಳಿಸಲು ಹೊರಟಾಗ ಅವರು ಕೈ ಚಾಚಿ ತಡೆದರು. "ಒಂದು ಸಲ ನೋಡ್ತೀನಿ ತಾಳಿ ಸ್ವಾಮಿ." ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಅಚ್ಚಿನಲ್ಲಿ ಇಷ್ಟು ಸ್ಪಷ್ಟವಾಗಿ ಕಂಡಿರಲಿಲ್ಲವೋ, ನೋಡುವ ಮನಸ್ಸಿರಲಿಲ್ಲವೋ ತಿಳಿಯದು.

"ನಮ್ಮವ್ವ ಕೂರ್ತಿದ್ದಂಗೇ ಕೂತಿದೀನಿ," ಎಂದರು.

ಆಮೇಲೆ ಮೊಬೈಲನ್ನು ನನ್ನ ಕೈಗೆ ಕೊಟ್ಟು, ಅಳಿಸುವವರೆಗೂ ನನ್ನ ಮುಖವನ್ನೇ ನೋಡುತ್ತ ನಿಂತಿದ್ದರು.